2016ರಲ್ಲಿ ಟರ್ಕಿಯ ಸೇನಾ ದಂಗೆ ನೆಲಕಚ್ಚಿದ್ದೇಕೆ?

ಅದು ಇಡೀ ಸೇನೆಯ ದಂಗೆಯೇ ಆಗಿರಲಿಲ್ಲ. 1980ರಲ್ಲಿ ಸೇನಾ ಮುಖ್ಯಸ್ಥ ಕೆನಾನ್ ಎವ್ರೆನ್ ಅವರೇ ಮುಂದೆ ನಿಂತು ಅಧಿಕಾರ ಕಿತ್ತುಕೊಂಡಿದ್ದರು. 2016ರ ಜುಲೈ 15ರ ರಾತ್ರಿ ದಂಗೆಕೋರರು ಮುಖ್ಯಸ್ಥ ಹುಲುಸಿ ಅಕಾರ್ ಅವರನ್ನೇ ಒತ್ತೆಯಾಗಿ ಹಿಡಿಯಬೇಕಾಯಿತು! ಗುಟ್ಟು ರಟ್ಟಾಗುವ ಭಯದಿಂದ ನಸುಕಿಗೆಂದಿದ್ದ ಯೋಜನೆಯನ್ನು ಕೆಲವು ಗಂಟೆ ಮೊದಲೇ ಶುರುಮಾಡಿ, ಇಸ್ತಾಂಬುಲ್ ಇನ್ನೂ ಎಚ್ಚರವಿರುವಾಗಲೇ ಬಾಸ್ಫರಸ್ ಸೇತುವೆಗೆ ಅಡ್ಡ ನಿಂತರು. ಸರ್ಕಾರಿ ವಾಹಿನಿಯ ನಿರೂಪಕಿಯಿಂದ ಬಲವಂತವಾಗಿ ಹೇಳಿಕೆ ಓದಿಸಿದರು. ಹಿಂದಿನ ಕಾಲವಾಗಿದ್ದರೆ ಬಹುಶಃ ಅಷ್ಟೇ ಸಾಕಿತ್ತು. ಆದರೆ ಅಧ್ಯಕ್ಷ ಎರ್ಡೊಗಾನ್ ಖಾಸಗಿ ವಾಹಿನಿಯ ನಿರೂಪಕಿಯೊಬ್ಬರು ಕ್ಯಾಮೆರಾಗೆ ಹಿಡಿದ ಮೊಬೈಲ್ ಪರದೆಯಲ್ಲಿ ಕಾಣಿಸಿಕೊಂಡು ಜನರನ್ನು ಬೀದಿಗೆ ಕರೆದರು. ಮಸೀದಿಗಳ ಧ್ವನಿವರ್ಧಕಗಳೂ ದನಿಗೂಡಿಸಿದವು. ಎರ್ಡೊಗಾನ್‌ರನ್ನು ಕಂಡರಾಗದ ವಿರೋಧ ಪಕ್ಷಗಳೂ ದಂಗೆಯನ್ನು ಖಂಡಿಸಿದವು.

ಸೇನೆಯ ಹಿಡಿತವಂತೂ ಮೊದಲೇ ಸಡಿಲವಾಗಿತ್ತು. ಐರೋಪ್ಯ ಒಕ್ಕೂಟ ಸೇರುವ ಆಸೆಯಿಂದ 2003ರಲ್ಲಿ ತಂದ ಸುಧಾರಣೆಗಳು, ಸೇನಾಧಿಕಾರಿಗಳು ಸರ್ಕಾರಕ್ಕೇ ತಾಕೀತು ಮಾಡಲು ಬಳಸುತ್ತಿದ್ದ ರಾಷ್ಟ್ರೀಯ ಭದ್ರತಾ ಮಂಡಳಿಯನ್ನು ಬರೀ ಸಲಹೆ ಕೊಡುವಷ್ಟಕ್ಕೆ ಇಳಿಸಿದ್ದವು.