250 ಎಂಎಂ ಲೆನ್ಸ್‌ನಲ್ಲಿ ಆಲಮಟ್ಟಿ ಹಿನ್ನೀರಿನ ಹಕ್ಕಿಗಳ ಫೋಟೊ ತೆಗೆಯಬಹುದಾ?

ಆರಾಮಾಗಿ ತೆಗೆಯಬಹುದು. ಬಾಗಲಕೋಟೆ ಕಡೆಯ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೆನ್ನಟ್ಟಿದರೆ ಇಡೀ ಗುಂಪೇ ಎದ್ದು ಹಾರುತ್ತದೆ. ನಸುಕಿನಲ್ಲೇ ಹೋಗಿ, ಸೂರ್ಯ ಬೆನ್ನಿಗಿರುವಂತೆ ದಡದಲ್ಲಿ ಸುಮ್ನೆ ಕೂತುಬಿಡಿ. ಮೇಯುತ್ತಾ ಎಷ್ಟೋ ಸಲ ಅವೇ ಹತ್ತಿರ ಬರುತ್ತವೆ.

ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು, ಹಾರುವುದಕ್ಕೆ 1/1600 ಇಡಿ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಫೋಟೊ ಸ್ವಲ್ಪ ಕಾಳುಕಾಳಾದರೂ ನಡೆಯುತ್ತದೆ, ಅಲುಗಿದ್ದನ್ನು ಮಾತ್ರ ಆಮೇಲೆ ಸರಿಮಾಡಲು ಆಗಲ್ಲ. ಟ್ರೈಪಾಡ್ ಇಲ್ವಾ? ಬಟ್ಟೆ ಚೀಲಕ್ಕೆ ಜೋಳ ತುಂಬಿ ನೆಲಕ್ಕಿಟ್ಟು, ಅದರ ಮೇಲೆ ಲೆನ್ಸ್ ಊರಿ. ಹಕ್ಕಿಯ ಕಣ್ಣಿನ ಮಟ್ಟವೂ ಸಿಗುತ್ತದೆ.

ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕಾದು ಕುಣಿಯುತ್ತದೆ. ಆಗ ದೂರದ ಹಕ್ಕಿ ಲಕ್ಷ ರೂಪಾಯಿ ಲೆನ್ಸಿನಲ್ಲೂ ಮಸುಕೇ. ಕ್ಯಾಮೆರಾ ಒಳಗಿಟ್ಟು ಗಿರ್ಮಿಟ್ ತಿನ್ನೋಕೆ ಹೊರಡಿ.