ಪಂಪಿನ ಕವಾಟದಿಂದ ಹೃದಯದ ಕವಾಟಕ್ಕೆ

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರಾಂಶ: “ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಪೀಣ್ಯದ ಪಂಪ್ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದೇನೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಬೋಧನೆ, ಸಂಶೋಧನೆಗಳತ್ತ ಹೊರಳುವ ಆಸೆಯಿದೆ. ಇಷ್ಟು ವರ್ಷಗಳ ಅನುಭವ ವ್ಯರ್ಥವಾಗುವುದಿಲ್ಲವೆ?”

ಮಾನ್ಯರೆ,

ವ್ಯರ್ಥವಾಗುವುದಿಲ್ಲ, ಆದರೆ ಅದರಲ್ಲಿ ಒಂದಿಷ್ಟನ್ನು ನೀವು ಮರೆಯಬೇಕಾಗುತ್ತದೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಅವರೂ ಎಂಜಿನಿಯರುಗಳೂ ಕೂಡಿ ಹೃದಯದ ಕೃತಕ ಕವಾಟವನ್ನು ರೂಪಿಸಿದ ಬಗೆಯನ್ನು ಗಮನಿಸಿ. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ರಕ್ತದ ದಾರಿಯನ್ನು ತೆರೆದು ಮುಚ್ಚಲು ಬಳಸಿದ್ದ ಕೃತಕ ನೀಲಮಣಿಯ ಬಿಲ್ಲೆಯನ್ನೂ ಕೈಬಿಟ್ಟು, ಕೊನೆಗೆ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ಪಾಲಿಎಥಿಲೀನ್ ಬಿಲ್ಲೆ ಓಲಾಡುವ ವಿನ್ಯಾಸಕ್ಕೆ ಬಂದು ನಿಂತ ಮೇಲೆಯೇ, 1990ರ ಡಿಸೆಂಬರಿನಲ್ಲಿ, ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಹೃದಯ ವರ್ಷಕ್ಕೆ ಸುಮಾರು 4 ಕೋಟಿ ಸಲ ಮಿಡಿಯುವುದರಿಂದ, ಯಾಂತ್ರಿಕ ಕವಾಟವನ್ನು ಪರೀಕ್ಷಾ ಯಂತ್ರದಲ್ಲಿಟ್ಟು 40 ಕೋಟಿ ಸಲ ತೆರೆದು ಮುಚ್ಚಿ ಹತ್ತು ವರ್ಷಗಳ ಸವೆತವನ್ನು ಅಳೆಯುತ್ತಾರೆ. ಬಿಲ್ಲೆ ಎಲ್ಲಿ ಸವೆಯಿತು, ಬೆಸುಗೆ ಏಕೆ ಬಿರುಕು ಬಿಟ್ಟಿತು ಎಂಬುದನ್ನು ನಿಮ್ಮಂತೆ ಮುರಿದ ಬಿಡಿಭಾಗವನ್ನು ಕೈಯಲ್ಲಿ ಹಿಡಿದು ಕಲಿತ ಅಧ್ಯಾಪಕರು ನಮ್ಮ ಕಾಲೇಜುಗಳಲ್ಲಿ ವಿರಳ.

ಇನ್ನು ಮರೆಯಬೇಕಾದದ್ದು. ಪಂಪಿನ ಕವಾಟ ಸೋರಿದರೆ ನೀವು ಅದನ್ನು ತಿರಸ್ಕರಿಸುತ್ತೀರಿ. ಹೃದಯದ ಯಾಂತ್ರಿಕ ಕವಾಟದಲ್ಲಾದರೋ, ಮುಚ್ಚಿದಾಗಲೂ ತುಸು ರಕ್ತ ಹಿಂದಕ್ಕೆ ಹರಿದು ಸಂದುಗಳನ್ನು ತೊಳೆಯಲೆಂದು ಬೇಕೆಂದೇ ಎಡೆ ಬಿಟ್ಟಿರುತ್ತಾರೆ. ರಕ್ತ ನಿಂತಲ್ಲಿ ಹೆಪ್ಪುಗಟ್ಟುತ್ತದೆ. ಇಕ್ಕಟ್ಟಿನಲ್ಲಿ ರಭಸದಿಂದ ನುಗ್ಗಿದರೆ ಅದರ ಕೆಂಪುಕಣಗಳು ಒಡೆಯುತ್ತವೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ರೋಗಿ ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು. ಇದನ್ನು ಅರಿಯಲು ಶರೀರಕ್ರಿಯಾಶಾಸ್ತ್ರವನ್ನು ಮೊದಲಿನಿಂದ ಓದಬೇಕು. (ನಮ್ಮ ಬಹುತೇಕ ಎಂಜಿನಿಯರುಗಳು ಜೀವಶಾಸ್ತ್ರಕ್ಕೆ ಕೈಮುಗಿದದ್ದು ಎಸ್ಸೆಸ್ಸೆಲ್ಸಿಯಲ್ಲಿ ಅಥವಾ ಪಿಯುಸಿಯಲ್ಲಿ!)

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ಮದ್ರಾಸ್ ಐಐಟಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಶ್ರೀ ಚಿತ್ರಾ ಸಂಸ್ಥೆ ಜೊತೆಗೂಡಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ನಿಮಗೆ ಹೇಳಿಮಾಡಿಸಿದಂತಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಅಲ್ಲಿ ವಿದ್ಯಾರ್ಥಿಗಳು ಆಸ್ಪತ್ರೆಯೊಳಗೇ ಇದ್ದು ಕಲಿಯುತ್ತಾರೆ. ಅನಂತರ ನೌಕರಿಗೆ ಮರಳಿದರೂ ಪಿಎಚ್.ಡಿ.ಯ ಬಾಗಿಲು ಮುಚ್ಚುವುದಿಲ್ಲ. ಕಂಪನಿಯ ಒಪ್ಪಿಗೆಯಿದ್ದರೆ, ಕೆಲಸದಲ್ಲಿದ್ದುಕೊಂಡೇ ಸಂಶೋಧನೆ ಮಾಡುವ ಬಾಹ್ಯ ನೋಂದಣಿಯ ವ್ಯವಸ್ಥೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಶಿಷ್ಯವೇತನದಲ್ಲಿ ಮನೆಸಾಲದ ಕಂತು ಕಟ್ಟುವುದು ಕಷ್ಟವಾದ್ದರಿಂದ, ಮನೆಯವರೊಡನೆ ಈ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳಿ.

ರಾಜೀನಾಮೆ ಬರೆಯುವ ಮುನ್ನ ದೊಡ್ಡ ಆಸ್ಪತ್ರೆಯೊಂದರ ಬಯೋಮೆಡಿಕಲ್ ವಿಭಾಗದ ಅನುಮತಿ ಪಡೆದು, ಅಲ್ಲಿ ರಿಪೇರಿಗೆ ಬಂದ ಸಿರಿಂಜ್ ಪಂಪುಗಳನ್ನೂ ವೆಂಟಿಲೇಟರುಗಳನ್ನೂ ಬಿಚ್ಚುವುದನ್ನು ಕೆಲವು ಶನಿವಾರ ನಿಂತು ನೋಡಿ. ಅವು ಯಾವ ವಾರ್ಡಿನಲ್ಲಿ, ಯಾರ ಕೈಯಲ್ಲಿ, ಹೇಗೆ ಕೆಟ್ಟವೆಂದು ಅಲ್ಲಿನ ದಾದಿಯರನ್ನು ಕೇಳಿ.

— ಸಂಪಾದಕ