ತಾರಸಿಯಲ್ಲಿ ಏಲಿಯನ್, ಆನೇಕಲ್‌ನಲ್ಲಿ ವಿಮಾನ

ಪ್ರಶ್ನೆ: ಮೊನ್ನೆ ಸಂಜೆ ಕರೆಂಟು ಹೋಗಿತ್ತು, ಎಲ್ಲರೂ ತಾರಸಿಯಲ್ಲಿ ಕೂತಿದ್ದೆವು. ಆಕಾಶದಲ್ಲಿ ನಲವತ್ತೋ ಐವತ್ತೋ ದೀಪಗಳು ಸಾಲಾಗಿ, ಒಂಚೂರೂ ಸದ್ದಿಲ್ಲದೆ ಹೋದವು. ಮಗ ಏಲಿಯನ್ ಅಂತ ವಿಡಿಯೋ ಮಾಡಿದ. ಅಮ್ಮ ಪುಷ್ಪಕ ವಿಮಾನ ಅಂತ ಕೈ ಮುಗಿದರು. ಯಾರು ಸರಿ?
– ಓದುಗರು, ತಿಪಟೂರು

ಉತ್ತರ: ಇಬ್ಬರಿಗೂ ಅರ್ಧ ಮಾರ್ಕು ಕೊಡೋಣ, ನೋಡಿದ್ದಂತೂ ನಿಜ. ಅದು ಬಹುತೇಕ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳ ಸಾಲು. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್‌ನಲ್ಲಿ 60 ಹಾರಿಸಿದರು, ಅಲ್ಲಿಂದ ಈಚೆಗೆ ಗೊಂಚಲು ಗೊಂಚಲಾಗಿ ಹೋಗುತ್ತಲೇ ಇವೆ. ಹಾರಿದ ಮೊದಲ ಕೆಲವು ದಿನ ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಸಾಗುತ್ತವೆ, ಆಮೇಲೆ ಇನ್ನೂ ಮೇಲಕ್ಕೇರಿ ಚದುರುತ್ತವೆ. ಅವುಗಳಲ್ಲಿ ದೀಪವೇನೂ ಇಲ್ಲ. ನಮಗೆ ಕತ್ತಲಾಗಿದ್ದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಅದು ತಾಗಿ ಹೊಳೆಯುತ್ತವೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಆ ತಾರಸಿಯೇ. ಅಮ್ಮನ ತಲೆಯಲ್ಲಿ ರಾಮಾಯಣ ಇತ್ತು, ಮಗನ ತಲೆಯಲ್ಲಿ ಯೂಟ್ಯೂಬ್ ಇತ್ತು. ಗೊತ್ತಿಲ್ಲದ ಬೆಳಕಿಗೆ ಗೊತ್ತಿರುವ ಬಟ್ಟೆ ತೊಡಿಸುವುದು ಹಳೇ ಅಭ್ಯಾಸ. 1896ರಲ್ಲಿ ಕ್ಯಾಲಿಫೋರ್ನಿಯಾದ ಜನ ರಾತ್ರಿ ಆಕಾಶದಲ್ಲಿ ಬೆಳಕು ಕಂಡಾಗ ದೀಪ ಕಟ್ಟಿಕೊಂಡ ಗಾಳಿಹಡಗು ಅಂದರು, ಯಾರೋ ಜಾಣ ಗುಟ್ಟಾಗಿ ಮಾಡಿ ಹಾರಿಸುತ್ತಿದ್ದಾನೆ ಅಂತ ಪತ್ರಿಕೆಗಳು ಬರೆದವು. 1946ರಲ್ಲಿ ಸ್ವೀಡನ್ನಿನವರಿಗೆ ಕಂಡಿದ್ದು ರಾಕೆಟ್. ಕಾಣದೆ ಇರುತ್ತದೆಯೇ, ಜರ್ಮನಿಯ ವಿ-2 ರಾಕೆಟ್‌ಗಳ ಹೆದರಿಕೆ ಇನ್ನೂ ಹಸಿಯಾಗಿತ್ತು. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ಪೈಲಟ್ ಅಮೆರಿಕದ ರೇನಿಯರ್ ಪರ್ವತದ ಹತ್ತಿರ ಒಂಬತ್ತು ಹೊಳೆಯುವ ವಸ್ತು ನೋಡಿದ. ಕೆರೆಯಲ್ಲಿ ಮಕ್ಕಳು ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸುತ್ತಾರಲ್ಲ, ನೀರಿನ ಮೇಲೆ ಎಸೆದ ಸಾಸರ್ ಹಾಗೆ ಅವು ಸಾಗಿದವು ಅಂದ. ಪತ್ರಿಕೆಗಳು ಅದನ್ನು ‘ಹಾರುವ ತಟ್ಟೆ’ ಮಾಡಿದವು. ನಾನು ಹೇಳಿದ್ದು ಸಾಗಿದ ರೀತಿಯನ್ನು ಮಾರಾಯ್ರೇ ಅಂತ ಆತ ಆಮೇಲೆ ಎಷ್ಟು ಹೇಳಿದರೂ ಯಾರು ಕೇಳಬೇಕು, ಅಷ್ಟರಲ್ಲಿ ಊರೂರಲ್ಲಿ ಜನಕ್ಕೆ ತಟ್ಟೆಗಳೇ ಕಾಣತೊಡಗಿದ್ದವು.

ಪ್ರಶ್ನೆ: ಹಾರುವ ತಟ್ಟೆ ನಂಬುವವರು ಹೇಗೂ ವಿಜ್ಞಾನದ ಕಡೆಯವರು. ಅವರನ್ನೂ ಭಕ್ತರ ಸಾಲಿಗೆ ಸೇರಿಸಿ ನಗುವುದು ಯಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ನಾನು ಸೇರಿಸಬೇಕಾಗಿಲ್ಲ, ಕೆಲವರು ತಾವೇ ಸೇರಿಕೊಂಡಿದ್ದಾರೆ. ಲಂಡನ್ನಿನಲ್ಲಿ ಜಾರ್ಜ್ ಕಿಂಗ್ ಅಂತ ಒಬ್ಬರಿದ್ದರು. ಟ್ಯಾಕ್ಸಿ ಓಡಿಸುತ್ತಿದ್ದರು, ಯೋಗ ಮಾಡುತ್ತಿದ್ದರು. 1954ರಲ್ಲಿ ಮನೆಯಲ್ಲಿ ಒಬ್ಬರೇ ಇದ್ದಾಗ ಒಂದು ದನಿ ಕೇಳಿತಂತೆ: ನೀನು ಗ್ರಹಗಳ ಸಂಸತ್ತಿನ ದನಿಯಾಗಬೇಕು. ಮರುವರ್ಷವೇ ಈಥೀರಿಯಸ್ ಸೊಸೈಟಿ ಎಂಬ ಅವರ ಪಂಥ ಶುರುವಾಯಿತು. ಅವರ ಪ್ರಕಾರ ಏಸು ಬಂದಿದ್ದು ಶುಕ್ರ ಗ್ರಹದಿಂದ, ನಮ್ಮ ಕೃಷ್ಣ ಶನಿಗ್ರಹದಿಂದ. ಶುಕ್ರದಲ್ಲಿ ಗುರುಗಳಿದ್ದಾರೆ ಎನ್ನುವ ಮಾತು ಅದಕ್ಕೂ ಮೊದಲೇ ಥಿಯಾಸಫಿ ಎಂಬ ಆಧ್ಯಾತ್ಮಿಕ ಸಂಘದವರಲ್ಲಿತ್ತು, ಅವರ ಮುಖ್ಯ ಕಚೇರಿ ಇಲ್ಲೇ ಮದ್ರಾಸಿನ ಅಡ್ಯಾರ್‌ನಲ್ಲಿದೆ.

ನನಗಂತೂ ಈಥೀರಿಯಸ್‌ನವರ ಬ್ಯಾಟರಿ ಬಹಳ ಇಷ್ಟ. 1973ರಿಂದ ಅವರು ಪ್ರಾರ್ಥನೆಯನ್ನು ಬ್ಯಾಟರಿಗೆ ತುಂಬುತ್ತಾರೆ. ಎಲ್ಲರೂ ಒಟ್ಟಿಗೆ ಕೂತು ‘ಓಂ ಮಣಿ ಪದ್ಮೇ ಹುಂ’ ಜಪಿಸುತ್ತಾರೆ, ಒಬ್ಬೊಬ್ಬರಾಗಿ ಬಂದು ಆ ಪೆಟ್ಟಿಗೆಯ ಮುಂದೆ ನಿಂತು ಕೈ ಚಾಚಿ ಪ್ರಾರ್ಥಿಸುತ್ತಾರೆ, ಎಲ್ಲಾದರೂ ಭೂಕಂಪವೋ ಪ್ರವಾಹವೋ ಆದಾಗ ಕೂಡಿಟ್ಟ ಶಕ್ತಿಯನ್ನು ಅಲ್ಲಿಗೆ ಹರಿಸುತ್ತಾರಂತೆ. ಜಪಕ್ಕೆ ಇನ್ವರ್ಟರ್ ಕೂಡಿಸಿದ ಹಾಗಾಯ್ತು! ನಗಬೇಡಿ, ನಮ್ಮಲ್ಲೂ ಪುಣ್ಯ ಕೂಡಿಡುವ ಲೆಕ್ಕ ಇದ್ದೇ ಇದೆ. ಅವರು ಡಬ್ಬ ತೋರಿಸಿದರು, ಅಷ್ಟೇ.

ಎಲ್ಲವೂ ನಗುವ ವಿಷಯ ಅಲ್ಲ. 1997ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆವನ್ಸ್ ಗೇಟ್ ಪಂಥದ 39 ಜನ ಪ್ರಾಣ ಬಿಟ್ಟರು. ಹೇಲ್-ಬಾಪ್ ಧೂಮಕೇತುವಿನ ಜೊತೆ ಬರುವ ನೌಕೆ ತಮ್ಮನ್ನು ಕರೆದೊಯ್ಯುತ್ತದೆ ಎಂದು ನಂಬಿದ್ದರು. ಅವರು ಕಾಡಿನಲ್ಲಿ ಕೂತ ಸನ್ಯಾಸಿಗಳಲ್ಲ, ಹೊಟ್ಟೆಪಾಡಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಜನ. ದೇಹವನ್ನು ಅವರು ‘ವೆಹಿಕಲ್’ ಅನ್ನುತ್ತಿದ್ದರು. ನಮ್ಮ ಕಠೋಪನಿಷತ್ತಿನಲ್ಲಿ ದೇಹ ರಥ, ಗೀತೆಯಲ್ಲಿ ಹಳೇ ಬಟ್ಟೆ. ಕಾರಿನ ದೇಶದಲ್ಲಿ ಅದು ಗಾಡಿಯಾಯಿತು.

ಪ್ರಶ್ನೆ: ಭರದ್ವಾಜ ಮಹರ್ಷಿಗಳ ‘ವೈಮಾನಿಕ ಶಾಸ್ತ್ರ’ದಲ್ಲಿ ಎಲ್ಲ ಇದೆಯಲ್ಲ? ಹಾರುವ ತಟ್ಟೆ ನಮ್ಮದೇ ಅಂತ ವಿದೇಶಿಯರೂ ಒಪ್ಪುತ್ತಾರೆ. ನಾವೇ ಯಾಕೆ ಕೀಳರಿಮೆ ಪಡಬೇಕು?
– ಓದುಗರು, ಮೈಸೂರು

ಉತ್ತರ: ಈ ಪುಸ್ತಕದ ಹುಟ್ಟೂರು ನಿಮಗೂ ನನಗೂ ಹತ್ತಿರದ್ದೇ, ಆನೇಕಲ್. ಅಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇದನ್ನು 1918ರಿಂದ 1923ರವರೆಗೆ ಬಾಯಲ್ಲಿ ಹೇಳಿ ಬರೆಸಿದರು. ತಮಗೆ ಇದು ಮಹರ್ಷಿಗಳಿಂದ ಅಂತರ್ದೃಷ್ಟಿಯಲ್ಲಿ ಬಂತು ಎಂದರು. ಚಿತ್ರಗಳನ್ನು ಬರೆದವರು ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್. ಮೈಸೂರಿನ ಜಿ. ಆರ್. ಜೋಸಿಯರ್ 1973ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಮರುವರ್ಷವೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ (ಭಾರತೀಯ ವಿಜ್ಞಾನ ಸಂಸ್ಥೆ) ಐದು ಜನ, ಮುಕುಂದ, ದೇಶಪಾಂಡೆ ಮುಂತಾದವರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕೂ ವಿಮಾನಗಳನ್ನು ಕೂತು ಪರೀಕ್ಷಿಸಿದರು. ಸುಮ್ನೆ ತಳ್ಳಿಹಾಕಲಿಲ್ಲ, ಲೆಕ್ಕ ಹಾಕಿದರು, ಭಾಷೆಯನ್ನೂ ನೋಡಿದರು. ಸಂಸ್ಕೃತ ಹೊಸ ಕಾಲದ್ದು, ಬರಹ 1904ಕ್ಕಿಂತ ಹಿಂದಿನದಲ್ಲ, ಒಂದೂ ಹಾರುವುದಿಲ್ಲ ಎಂದರು.

ಶಾಸ್ತ್ರಿಗಳು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಅವರು ಎಂಥ ಕಾಲದಲ್ಲಿ ಕೂತು ಹೇಳಿದರು ನೋಡಿ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ವಾಲ್ಮೀಕಿಯ ಪುಷ್ಪಕಕ್ಕೆ ಇಂಜಿನ್ನೇ ಬೇಕಿರಲಿಲ್ಲ, ಮನಸ್ಸಿನಲ್ಲಿ ನೆನೆದರೆ ಹೊರಡುತ್ತಿತ್ತು, ಕೇಳುವವರೂ ಇಂಜಿನ್ ಎಲ್ಲಿ ಅಂತ ಕೇಳಲಿಲ್ಲ. ಆನೇಕಲ್‌ನ ವಿಮಾನಕ್ಕೆ ಮೋಟಾರು, ಫ್ಯಾನು, ಕೊಳವೆ ಎಲ್ಲ ಬೇಕಾಯಿತು. ದೊರೆಗಳ ಯಂತ್ರ ಕಂಡು ಬೆರಗಾದ ಊರಿನಲ್ಲಿ, ಯಂತ್ರ ತೋರಿಸದಿದ್ದರೆ ಋಷಿಯ ಮಾತಿಗೂ ಬೆಲೆಯಿಲ್ಲ ಎನ್ನುವ ಅಳುಕು ಅದು. ಕೀಳರಿಮೆ ಅಂದಿರಲ್ಲ, ನನಗೆ ಅದು ಆ ಚಿತ್ರಗಳಲ್ಲೇ ಜಾಸ್ತಿ ಕಾಣುತ್ತದೆ. ಇನ್ನು ವಿದೇಶಿಯರು ಒಪ್ಪುವ ಮಾತು: ಹಳೇ ದೇವರುಗಳೆಲ್ಲ ಬೇರೆ ಲೋಕದ ಪೈಲಟ್‌ಗಳು ಅನ್ನುವವರಿಗೆ ಈ ಪುಸ್ತಕ ಹಬ್ಬದೂಟ. ಆದರೆ ಅವರ ಲೆಕ್ಕದಲ್ಲಿ ನಮ್ಮ ಋಷಿಗಳು ಬರೀ ನೋಡಿ ಬರೆದುಕೊಂಡವರು. ಅದನ್ನು ಹೊಗಳಿಕೆ ಅಂತ ತಗೊಳ್ಳಬೇಕಾ?

ಪ್ರಶ್ನೆ: ಸುತ್ತಿ ಬಳಸದೆ ಹೇಳಿ, ಏಲಿಯನ್‌ಗಳು ಇದ್ದಾರಾ?
– ಓದುಗರು, ಕುಂದಾಪುರ

ಉತ್ತರ: ಎಲ್ಲೋ ಇರಬಹುದು. ಇಲ್ಲಿಗೆ ಬಂದಿದ್ದಾರೆ ಎನ್ನಲು ನನ್ನ ಕೈಗೆ ಪುರಾವೆ ಸಿಕ್ಕಿಲ್ಲ. ದೂರ ನೋಡಿ: 1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ, ಆ ವೇಗದಲ್ಲಿ ಅತಿ ಹತ್ತಿರದ ನಕ್ಷತ್ರದಷ್ಟು ದೂರ ಹೋಗಲೂ 70,000 ವರ್ಷಕ್ಕಿಂತ ಜಾಸ್ತಿ ಬೇಕು. ಅಂದಹಾಗೆ ಅದರ ಹೊರಮೈಯಲ್ಲಿ ಒಂದು ಚಿನ್ನದ ಲೇಪದ ಗ್ರಾಮಫೋನ್ ತಟ್ಟೆ ಇದೆ, 55 ಭಾಷೆಗಳ ನಮಸ್ಕಾರ ತುಂಬಿದ್ದಾರೆ. ಕನ್ನಡವೂ ಇದೆ: “ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.” ತಿಪಟೂರಿನವರು ಇದನ್ನು ಅಮ್ಮನಿಗೂ ಓದಿ ಹೇಳಿ.